ದೊರೆಸ್ವಾಮಿಗಳ ಅಣಬೆ ವ್ರತ

ಶಂಕರಪುರದ ನಮ್ಮ ಬೀದಿಯಲ್ಲಿ ದೊರೆಸ್ವಾಮಿಗಳ ಜ್ಞಾಪಕಶಕ್ತಿಯ ಬಗ್ಗೆ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಗೊತ್ತಿಲ್ಲದೆ ಇರಲು ಅವರು ಬಿಡುತ್ತಲೂ ಇರಲಿಲ್ಲ. ಬೆಳಿಗ್ಗೆ ಹಾಲಿನ ಬೂತಿನ ಮುಂದೆ ನಿಂತವರಿಗೆಲ್ಲ ಹಾಲಿಗಿಂತ ಮೊದಲು ಸಿಗುತ್ತಿದ್ದದ್ದು ಅದೇ ಮಾತು.

"ನಾನು ಈ ಜನ್ಮದಲ್ಲಿ ಒಂದು ಚೀಟಿ ಬರ್ಕೊಂಡು ಅಂಗಡಿಗೆ ಹೋದೋನಲ್ಲ ಕಣ್ರೀ. ಎಲ್ಲಾ ಇಲ್ಲಿದೆ" ಎಂದು ಹಣೆಗೆ ಬೆರಳು ಬಡಿದು ತೋರಿಸುತ್ತಿದ್ದರು.

ಚೀಟಿ ಬರೆದುಕೊಳ್ಳುತ್ತಿರಲಿಲ್ಲ ಎನ್ನುವುದು ನಿಜ. ಹೆಂಡತಿ ಆಂಡಾಳಮ್ಮ ತೊಗರಿಬೇಳೆ ತನ್ನಿ ಎಂದರೆ ಊದಿನಕಡ್ಡಿ ತರುತ್ತಿದ್ದರು ಎನ್ನುವುದೂ ಅಷ್ಟೇ ನಿಜ. ತಂದಮೇಲೆ, ನೀನು ಹೇಳಿದ್ದೇ ಊದಿನಕಡ್ಡಿ ಎಂದು ಸಾಧಿಸುತ್ತಿದ್ದರು. ಗಾಂಧಿ ಬಜಾರಿನ ಹೋಟೆಲೊಂದರಲ್ಲಿ ಅವರು ಬಿಟ್ಟುಬಂದ ಛತ್ರಿಗಳಿಗೇ ಒಂದು ಮೂಲೆ ಮೀಸಲಾಗಿತ್ತು. ಮಳೆ ಹಿಡಿದುಕೊಂಡರೆ ಗಿರಾಕಿಗಳು ಅವನ್ನು ಎರವಲು ಒಯ್ಯುತ್ತಿದ್ದರು. ಇಂಥವರನ್ನು ಸರ್ಕಾರ ಒಂದು ಕಚೇರಿಯ ದಾಖಲೆ ವಿಭಾಗದಲ್ಲಿ ಕೂರಿಸಿತ್ತು. ಆ ಕಚೇರಿಯ ಹೆಸರು ಹೇಳುವುದಿಲ್ಲ, ನಿಮ್ಮ ಫೈಲೂ ಅಲ್ಲೇ ಇರಬಹುದು, ಸುಮ್ಮನೆ ಆತಂಕ.

ಇದೆಲ್ಲ ನನಗೆ ಹೇಗೆ ಗೊತ್ತೆಂದರೆ ನಾನು ಎದುರು ಮನೆಯವನು. ನಮ್ಮ ಜಗುಲಿಯಲ್ಲಿ ಕೂತರೆ ಅವರ ಮನೆಯ ವರಾಂಡ ಪೂರ್ತಿ ಕಾಣುತ್ತದೆ. ಸ್ವಲ್ಪ ಕತ್ತು ಚಾಚಿದರೆ ಹಿತ್ತಲೂ ಕಾಣುತ್ತದೆ. ನನಗೆ ಕತ್ತು ಚಾಚುವ ಅಭ್ಯಾಸವಿದೆ.

ತೊಂಬತ್ತರ ದಶಕದ ಕೊನೆಯ ಬೇಸಿಗೆ. ದೊರೆಸ್ವಾಮಿಗಳ ಮನೆಯವರೆಲ್ಲ ಮೈಸೂರಿಗೆ ಒಂದು ಮದುವೆಗೆ ಹೊರಟರು. ಪಕ್ಕದ ರಸ್ತೆಯಲ್ಲಿ ಎರಡು ಮನೆ ಕಳುವಾಗಿ ಎಲ್ಲರೂ ಹೆದರಿದ್ದ ಸಮಯ. ಆಂಡಾಳಮ್ಮನವರ ಒಡವೆಗಳು ಬ್ಯಾಂಕಿನ ಲಾಕರಿನಲ್ಲಿ ಭದ್ರವಾಗಿದ್ದವು. ಆದರೆ ಲಾಕರಿನ ಬೀಗದ ಕೈ ಮನೆಯಲ್ಲಿತ್ತು. ಹೆಂಡತಿ, ಮಗಳು ಆರಾಧನಾ ಆಟೋದಲ್ಲಿ ಕೂತಮೇಲೆ ದೊರೆಸ್ವಾಮಿಗಳು ಮತ್ತೆ ಒಳಗೆ ಹೋಗಿ, ಬೀಗದ ಕೈಯನ್ನು ಎಲ್ಲೋ ಬಚ್ಚಿಟ್ಟು, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ಎಲ್ಲಿಟ್ರಿ?" ಎಂದು ಆಂಡಾಳಮ್ಮ ಕೇಳಿದರು.

"ನಿನಗೆ ಹೇಳಿದ್ರೆ ಮೈಸೂರು ತಲುಪೋ ಹೊತ್ಗೆ ಬಸ್ಸಿಗೆಲ್ಲ ಗೊತ್ತಾಗುತ್ತೆ. ಕಳ್ಳ ನಮ್ಮನೇಲಿ ಬಾಡಿಗೆಗೆ ಇದ್ಕೊಂಡು ಹುಡುಕಿದ್ರೂ ಸಿಗಲ್ಲ, ಅಂಥಾ ಜಾಗ" ಎಂದರು ದೊರೆಸ್ವಾಮಿಗಳು, ನನಗೂ ಕೇಳುವಂತೆ.

ಕಳ್ಳ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು, ಅವನ ಕೈಕಾಲು ಹಿಡಿದಾದರೂ ಹುಡುಕಿಸಬಹುದಿತ್ತು. ಮೈಸೂರಿನಿಂದ ಬಂದ ದೊರೆಸ್ವಾಮಿಗಳಿಗೆ ಆ ಜಾಗ ಯಾವುದೆಂಬುದು ಮರೆತೇಹೋಗಿತ್ತು.

ಮೊದಮೊದಲು ಅವರು ತಲೆಕೆಡಿಸಿಕೊಳ್ಳಲಿಲ್ಲ. ಆಷಾಢಕ್ಕೆ ಮೊದಲೇ ಆರಾಧನಾಳಿಗೆ ಮಲ್ಲೇಶ್ವರದ ಸಂಬಂಧ ಗೊತ್ತಾಯಿತು. ಬರಲಿರುವ ಬೀಗಿತ್ತಿ ತುಂಬ ಆಚಾರವಂತೆ. "ವರಮಹಾಲಕ್ಷ್ಮಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಬರ್ತೀನಿ. ನಿಮ್ಮ ತಾಯಿಯವರ ಕಾಲದ ಕಾಸಿನ ಸರ ಅಮ್ಮನವರಿಗೆ ಹಾಕ್ತೀರಂತಲ್ಲ, ಕಣ್ತುಂಬ ನೋಡ್ಬೇಕು" ಎಂದು ಆಂಡಾಳಮ್ಮನಿಗೆ ಹೇಳಿಹೋದರು. ನಮ್ಮ ಕಡೆ ಆ ಶುಕ್ರವಾರ ಕಲಶದ ಲಕ್ಷ್ಮಿಗೆ ಮನೆಯ ಚಿನ್ನವನ್ನೆಲ್ಲ ಹಾಕಿ ಕೂರಿಸುತ್ತಾರೆ. ಹಿಂದಿನ ದಿನ ಬ್ಯಾಂಕುಗಳ ಮುಂದೆ ರೇಷ್ಮೆ ಸೀರೆಗಳ ಸಾಲು ರಸ್ತೆಯವರೆಗೂ ಬಂದಿರುತ್ತದೆ.

ಈಗ ದೊರೆಸ್ವಾಮಿಗಳಿಗೆ ಬೀಗದ ಕೈ ಬೇಕೇಬೇಕಾಯಿತು. ಬ್ಯಾಂಕಿನವರಿಗೆ ಹೇಳಿ ಲಾಕರ್ ಒಡೆಸೋಣವೆಂದರೆ ಅದು ಆಂಡಾಳಮ್ಮನ ಹೆಸರಿನಲ್ಲೂ ಇದೆ, ಅವರ ಸಹಿ ಬೇಕು. ಸಹಿ ಕೇಳಬೇಕಾದರೆ ಮರೆತದ್ದನ್ನು ಹೇಳಬೇಕು. ಇಡೀ ಬೀದಿಗೆ ಹಣೆ ಬಡಿದು ತೋರಿಸಿದ ಮನುಷ್ಯ ಅದನ್ನು ಹೇಗೆ ಹೇಳಿಯಾನು? ಅದೂ ಅಲ್ಲದೆ, ಆಂಡಾಳಮ್ಮ ಮದುವೆಯಾದಾಗಿನಿಂದ ಗಂಡನನ್ನು ಏನೂ ಬೇಡಿದವರಲ್ಲ. ಅಮ್ಮನ ಸರ ಒಂದೇ ಅವರ ಹೆಮ್ಮೆ. ಆ ಮುಖ ಬಾಡುವುದನ್ನು ನೋಡುವ ಧೈರ್ಯ ದೊರೆಸ್ವಾಮಿಗಳಿಗಿರಲಿಲ್ಲ.

ಅವರು ಧೂಳು ಹೊಡೆಯುವ ನೆಪದಲ್ಲಿ ಮನೆಯನ್ನೆಲ್ಲ ಜಾಲಾಡಿದರು. ಅಕ್ಕಿಡಬ್ಬಿ, ದೇವರಮನೆ, ಫೋಟೋಗಳ ಹಿಂದೆ, ದಿಂಬಿನೊಳಗೆ, ಎಲ್ಲಾ ಕಡೆ ಕೈಯಾಡಿಸಿದರು. "ನಿಮ್ಮ ಯಜಮಾನರನ್ನ ನೋಡಿ ಕಲೀಬೇಕು ರೀ" ಎಂದು ನನ್ನ ಹೆಂಡತಿ ಆಂಡಾಳಮ್ಮನಿಗೆ ಹೇಳಿ, ಅವತ್ತೇ ನನ್ನ ಕೈಗೊಂದು ಪೊರಕೆ ಕೊಟ್ಟಳು. ದೊರೆಸ್ವಾಮಿಗಳ ಮೇಲೆ ನನಗೆ ಸಿಟ್ಟು ಬಂದದ್ದು ಅವತ್ತೇ.

ಬೀಗದ ಕೈ ಸಿಕ್ಕಲಿಲ್ಲ. ಆದರೆ ಕಚೇರಿಯಲ್ಲಿ ಕಡಲೆಕಾಯಿ ತಿನ್ನುವಾಗ ಪೊಟ್ಟಣದ ಕಾಗದದಲ್ಲಿ ಒಂದು ಸುದ್ದಿ ಸಿಕ್ಕಿತು. ಜಪಾನಿನಲ್ಲಿ ಯಾವುದೋ ತಿನ್ನುವ ಅಣಬೆಯಿಂದ ಸಾರ ತೆಗೆದು ಇಲಿಗಳಿಗೆ ಕೊಟ್ಟರಂತೆ. ಅದರಲ್ಲಿರುವ ವಸ್ತುವಿನಿಂದ ಮಿದುಳಿನ ನರಗಳು ಚಿಗುರುತ್ತವಂತೆ. ಅಣಬೆ ತಿಂದ ಇಲಿಗಳು ಬಲುಬೇಗ ಕಲಿತು, ಬಚ್ಚಿಟ್ಟ ತಿಂಡಿಯ ಜಾಗವನ್ನು ಜ್ಞಾಪಕವಿಟ್ಟುಕೊಂಡು ನೇರ ಅಲ್ಲಿಗೇ ಹೋದವಂತೆ. ಆದರೆ, ಎಂದು ಮುಂದಿನ ವಾಕ್ಯ ಶುರುವಾಗಿತ್ತು. ಕಾಗದ ಅಲ್ಲಿಗೆ ಹರಿದಿತ್ತು. ಎಲ್ಲ ಅಣಬೆಯೂ ಒಂದೇ ಅಲ್ಲ, ಇಲಿಗೆ ಆದದ್ದು ಮನುಷ್ಯನಿಗೆ ಆಗಬೇಕೆಂದಿಲ್ಲ ಎಂಬ ವಿವೇಕವೆಲ್ಲ ಬಹುಶಃ ಬೇರೆ ಯಾರದೋ ಕಡಲೆಕಾಯಿಯ ಜೊತೆ ಹೋಗಿತ್ತು.

ದೊರೆಸ್ವಾಮಿಗಳು ಪಕ್ಕದ ಮೇಜಿನ ಮುನಿಸ್ವಾಮಿಯನ್ನು ಮೂಲೆಗೆ ಕರೆದರು. ಮುನಿಸ್ವಾಮಿ ಓಕಳಿಪುರದವನು, ಅವನಪ್ಪನ ಹೊಲ ಹೊಸಕೋಟೆ ಕಡೆ. ಇದನ್ನೆಲ್ಲ ಎಷ್ಟೋ ದಿನದ ಮೇಲೆ ನನಗೆ ಹೇಳಿದವನೂ ಅವನೇ.

"ಮುನಿಸ್ವಾಮಿ, ನಿಮ್ಮ ಕಡೆ ಅಣಬೆ ತಿಂತೀರೇನಪ್ಪಾ?"

"ತಿನ್ದೆ ಏನ್ ಸ್ವಾಮಿ? ಗುಡುಗು ಬಂದ್ರೆ ಸಾಕು, ನಮ್ಮಪ್ಪ ಮಂಕ್ರಿ ಎತ್ಕೊಂಡು ಹುತ್ತದ್ ಹತ್ರ ಓಡೋನು. ಜೀವ್ನ ಎಲ್ಲಾ ತಿಂದ."

"ಜ್ಞಾಪಕಶಕ್ತಿ ಹೇಗಿತ್ತು ಅವರಿಗೆ?"

"ಕೊನೆಕೊನೇಗೆ ನನ್ನನ್ನೇ ಯಾರಪ್ಪಾ ನೀನು ಅಂತಿದ್ದ. ಆದ್ರೆ ಅಣಬೆ ಏಳೋ ಜಾಗ ಒಂದೂ ಮರ್ತಿರ್ಲಿಲ್ಲ."

"ನೋಡ್ದಾ! ಜಾಗ ಮರೀಲಿಲ್ಲ! ನನಗೂ ಬೇಕಾಗಿರೋದು ಜಾಗಾನೇ" ಎಂದು ದೊರೆಸ್ವಾಮಿಗಳು ಅವನ ಕೈ ಹಿಡಿದುಕೊಂಡರು.

ಮಾರನೆಯ ದಿನ ಮುನಿಸ್ವಾಮಿ ಮಾರುಕಟ್ಟೆಯಿಂದ ಬಿಳಿ ಅಣಬೆಯ ಪೊಟ್ಟಣ ತಂದು, ಫೈಲಿನ ನಡುವೆ ಇಟ್ಟು, ಕೆಂಪು ದಾರ ಕಟ್ಟಿ ದಾಟಿಸಿದ. "ಈರುಳ್ಳಿ ಬೆಳ್ಳುಳ್ಳಿ ಹಾಕಿ ಬಾಡಿಸ್ಕೊಂಡ್ರೆ ಭಾಳ ರುಚಿ" ಎಂದ.

"ರಾಮ ರಾಮಾ! ಈರುಳ್ಳಿ ಬೆಳ್ಳುಳ್ಳಿ ನಾವು ಮುಟ್ಟಲ್ಲಪ್ಪ. ಆಚಾರ ಅಂತ ಒಂದಿದೆ" ಎಂದು ದೊರೆಸ್ವಾಮಿಗಳು ಅಣಬೆಯನ್ನು ಚೀಲಕ್ಕೆ ಹಾಕಿಕೊಂಡರು.

ಅಣಬೆಯೇನೋ ಬಂತು, ಬೇಯಿಸುವುದೆಲ್ಲಿ? ಆಂಡಾಳಮ್ಮನ ಅಡುಗೆಮನೆಗೆ ಮೂಲಂಗಿಯೇ ಹೆದರಿಕೊಂಡು ಬರುತ್ತಿತ್ತು. ನಾಯಿಕೊಡೆ ಎಂಬ ಮಾತು ಬಾಯಿಂದ ಬಂದರೂ ಗೋಮೂತ್ರ ಚಿಮುಕಿಸುವ ಮನೆ ಅದು. ಆಗ ದೊರೆಸ್ವಾಮಿಗಳ ತಲೆಗೆ ಹೊಳೆದ ಉಪಾಯಕ್ಕೆ ನಾನು ಈಗಲೂ ಕೈಮುಗಿಯುತ್ತೇನೆ. ಆ ತಲೆಯಲ್ಲಿ ನೆನಪು ನಿಲ್ಲದಿರಬಹುದು, ಉಪಾಯಕ್ಕೆ ಧಾರಾಳವಾಗಿ ಜಾಗವಿತ್ತು.

ಅಂದು ಸಂಜೆ ಅವರು ಗಂಭೀರವಾಗಿ ಘೋಷಿಸಿದರು. "ನಾಳೆಯಿಂದ ಹಬ್ಬದವರೆಗೂ ನಾನು ಸ್ವಯಂಪಾಕ. ನನ್ನ ಪಲ್ಯ ನಾನೇ ಮಾಡ್ಕೊಂಡು ತಿಂತೀನಿ. ಹಿತ್ತಲ ಸೌದೆ ಕೊಠಡೀಲಿ. ಯಾರೂ ಮುಟ್ಟಬಾರದು, ನೋಡಲೂಬಾರದು."

ತನ್ನ ಕೈಯಾರೆ ಬೇಯಿಸಿ ತಿನ್ನುವುದು, ಅದನ್ನು ಇನ್ನೊಬ್ಬರು ನೋಡಿದರೂ ಮೈಲಿಗೆ ಎನ್ನುವುದು ನಮ್ಮ ಅಜ್ಜಂದಿರ ಕಾಲದ ಕಡುಮಡಿ. ಆಂಡಾಳಮ್ಮನಿಗೆ ಕಣ್ಣಲ್ಲಿ ನೀರು ಬಂತು. "ಮಗಳ ಮದುವೆ ಸಾಂಗವಾಗಲಿ ಅಂತ ಮಾಡ್ತಿದೀರಾ?" ಎಂದರು.

"ಅದನ್ನ ಬಾಯಿಬಿಟ್ಟು ಹೇಳಿದ್ರೆ ಫಲ ಇಲ್ಲ" ಎಂದರು ದೊರೆಸ್ವಾಮಿಗಳು.

ಅಡುಗೆಗೆ ಗ್ಯಾಸ್ ಬಂದಮೇಲೆ ಅಟ್ಟ ಸೇರಿದ್ದ ಸೀಮೆಎಣ್ಣೆಯ ಬತ್ತಿ ಸ್ಟೌವನ್ನು ಅವರೇ ಹತ್ತಿ ಇಳಿಸಿದರು. ಇಳಿಸುವಾಗ ಒಳಗೇನೋ ಸದ್ದಾಯಿತು. ಹಳೆಯ ಸಾಮಾನೆಂದಮೇಲೆ ಸದ್ದು ಇದ್ದೇ ಇರುತ್ತದೆಂದು ಸುಮ್ಮನಾದರು. ಸೌದೆ ಕೊಠಡಿಯ ಬಾಗಿಲು ಹಾಕಿಕೊಂಡು, ಸಾಸಿವೆ, ಇಂಗು, ಕರಿಬೇವು, ಮೆಣಸು, ತೆಂಗಿನತುರಿ ಹಾಕಿ ಅಣಬೆಯ ಪಲ್ಯ ಮಾಡಿದರು. ತಿಂದು, ಕಣ್ಣುಮುಚ್ಚಿ ಕೂತರು, ಬೀಗದ ಕೈ ಕಾಣಲೆಂದು. ಒಂದು ತೇಗು ಬಂತು, ಅಷ್ಟೆ.

ಹೀಗೆ ದಿನಾ ನಡೆಯಿತು. ಕಣ್ಣುಮುಚ್ಚಿ ಕೂತದ್ದನ್ನು ನಾನು ಕತ್ತು ಚಾಚಿ ಕಿಟಕಿಯಿಂದ ನೋಡಿದೆ, ಧ್ಯಾನವೆಂದುಕೊಂಡು ಒಂದಿಬ್ಬರಿಗೆ ಹೇಳಿದೆ. ನಮ್ಮ ಬೀದಿಯಲ್ಲಿ ಒಂದಿಬ್ಬರಿಗೆ ಹೇಳಿದರೆ ಸಾಕು. ಹೂ ಮಾರುವ ಪಿಳ್ಳಮ್ಮ ಅದನ್ನು ಬುಟ್ಟಿಯ ಜೊತೆ ಹೊತ್ತುಕೊಂಡು ಚಾಮರಾಜಪೇಟೆಗೂ ಮುಟ್ಟಿಸಿದಳು. ಅವಳು ವಾಪಸು ಬರುವ ಹೊತ್ತಿಗೆ ದೊರೆಸ್ವಾಮಿಗಳು ಒಂದೇ ಹೊತ್ತು ಉಣ್ಣುತ್ತಿದ್ದರು, ನೆಲದಿಂದ ಎರಡು ಬೆರಳು ಮೇಲಕ್ಕೂ ಎದ್ದಿದ್ದರು.

ಭಜನಾ ಮಂಡಳಿಯ ಅಧ್ಯಕ್ಷರು ಶ್ರೀನಿವಾಸಯ್ಯ. ನಲ್ಲಿ ನೀರನ್ನೂ ತೊಳೆದು ಕುಡಿಯುವ ಪೈಕಿ. ಇದುವರೆಗೂ ದೊರೆಸ್ವಾಮಿಗಳನ್ನು ಕಂಡರೆ ಮೂಗು ಮುರಿಯುತ್ತಿದ್ದವರು ಈಗ ರಸ್ತೆಯಲ್ಲೇ ನಿಂತು ಕೈಮುಗಿದರು.

"ದೊರೆಸ್ವಾಮಿಗಳೇ, ಈ ಕಾಲದಲ್ಲೂ ಸ್ವಯಂಪಾಕ! ಏನು ಬೇಯಿಸ್ತೀರಿ?"

"ಭೂಮಿಯಿಂದ ತಾನಾಗೇ ಎದ್ದದ್ದು. ಉತ್ತಿದ್ದಲ್ಲ, ಬಿತ್ತಿದ್ದಲ್ಲ" ಎಂದರು ದೊರೆಸ್ವಾಮಿಗಳು. ಪೂರ್ತಿ ಸುಳ್ಳೆಂದು ಹೇಳಲು ಬರುವಂತಿರಲಿಲ್ಲ.

"ಆಹಾ, ಋಷ್ಯಾಹಾರ! ವ್ರತ ಮುಗಿಯೋ ದಿವಸ ಒಂದು ಚಮಚ ಪ್ರಸಾದ ಕೊಡಲೇಬೇಕು" ಎಂದು ಶ್ರೀನಿವಾಸಯ್ಯ ಮಾತು ತೆಗೆದುಕೊಂಡೇ ಬಿಟ್ಟರು. ಕೊಡುವುದಿಲ್ಲ ಎಂದರೆ ಅನುಮಾನ, ಕೊಡುತ್ತೇನೆ ಎಂದರೆ ಅಪಾಯ. ದೊರೆಸ್ವಾಮಿಗಳು ಹೂಂಗುಟ್ಟಿದರು. ಆಮೇಲೆ ಅದನ್ನೂ ಮರೆತರು.

ಹಬ್ಬದ ಹಿಂದಿನ ದಿನ, ಗುರುವಾರ ಬಂತು. ಆಂಡಾಳಮ್ಮ ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಚೀಲ ಹಿಡಿದು ಸಿದ್ಧವಾದರು. "ರೀ, ಬೀಗದ ಕೈ ಕೊಡಿ. ಆಮೇಲೆ ಬ್ಯಾಂಕಲ್ಲಿ ರಶ್ ಆಗ್ಬಿಡುತ್ತೆ."

"ಕೊಡ್ತೀನಿ ತಾಳೇ. ಇವತ್ತಿನ ಪಾಕ ಒಂದು ಮುಗೀಲಿ" ಎಂದು ದೊರೆಸ್ವಾಮಿಗಳು ಸೌದೆ ಕೊಠಡಿಗೆ ಓಡಿದರು. ಮುನಿಸ್ವಾಮಿ ತಂದಿದ್ದ ಪೊಟ್ಟಣಗಳನ್ನೆಲ್ಲ ಒಟ್ಟಿಗೇ ಸುರಿದರು. ಇವತ್ತು ನರ ಚಿಗುರಲೇಬೇಕಿತ್ತು. ಚಿಗುರದಿದ್ದರೆ ಮಧ್ಯಾಹ್ನ ಆಂಡಾಳಮ್ಮನ ಮುಂದೆ ನಿಂತು, ನಿಮ್ಮಮ್ಮನ ಸರ ಇನ್ನು ಸಿಗುವುದು ಬ್ಯಾಂಕಿನವರು ಒಡೆದಾಗಲೇ ಎಂದು ಹೇಳಬೇಕಿತ್ತು.

ಪಲ್ಯ ಬೆಂದು ಇಳಿಸುವ ಹೊತ್ತಿಗೆ ಹಿತ್ತಲ ಅಂಗಳದಲ್ಲಿ ಗದ್ದಲ ಕೇಳಿಸಿತು. ಶ್ರೀನಿವಾಸಯ್ಯ ಪಂಚೆಯನ್ನು ಕಚ್ಚೆ ಹಾಕಿಕೊಂಡು, ಕೈಯಲ್ಲಿ ಬೆಳ್ಳಿ ಚಮಚ ಹಿಡಿದು ಬಂದಿದ್ದರು. ಹಬ್ಬಕ್ಕೆಂದು ಬಂದಿದ್ದ ಆಂಡಾಳಮ್ಮನ ತಮ್ಮ ವರದರಾಜ ಇದ್ದ. ನಾನಿದ್ದೆ, ನಾನಿಲ್ಲದೆ ಹೇಗೆ? ಎಲ್ಲಕ್ಕಿಂತ ಹೆಚ್ಚಾಗಿ, ಮಲ್ಲೇಶ್ವರದ ಬೀಗಿತ್ತಿ ಬಂದುಬಿಟ್ಟಿದ್ದರು. ಬೀಗರು ಇಂಥ ತಪಸ್ವಿ ಎಂದು ಕೇಳಿ, ಪ್ರಸಾದಕ್ಕೆಂದೇ ಒಂದು ದಿನ ಮೊದಲು ಆಟೋ ಮಾಡಿಕೊಂಡು ಬಂದಿದ್ದರು.

ದೊರೆಸ್ವಾಮಿಗಳು ಬಾಗಿಲಿಗೆ ಅಡ್ಡ ನಿಂತರು. "ಇದು... ಇನ್ನೂ ನೈವೇದ್ಯ ಆಗಿಲ್ಲ."

"ಋಷ್ಯಾಹಾರಕ್ಕೆ ಯಾವ ನೈವೇದ್ಯ?" ಎಂದು ಶ್ರೀನಿವಾಸಯ್ಯ ಅವರನ್ನು ಸರಿಸಿ, ಪಾತ್ರೆಗೆ ಬೆಳ್ಳಿ ಚಮಚ ಇಳಿಸಿಯೇಬಿಟ್ಟರು. ಎಲ್ಲರ ಅಂಗೈಗೂ ಒಂದೊಂದು ಚಮಚ ಬಿತ್ತು. ದೊರೆಸ್ವಾಮಿಗಳು ಗೋಡೆಗೆ ಒರಗಿ ಕಣ್ಣುಮುಚ್ಚಿಕೊಂಡರು. ಮದುವೆ ಮುರಿದಂತೆ, ಬೀದಿ ಬಿಟ್ಟುಹೋದಂತೆ ಎಲ್ಲವೂ ಅವರಿಗೆ ಕಂಡಿತು. ಬೀಗದ ಕೈ ಮಾತ್ರ ಆಗಲೂ ಕಾಣಲಿಲ್ಲ.

ಎಲ್ಲರೂ ಬಾಯಿಗೆ ಹಾಕಿಕೊಂಡರು, ಅಗಿದರು. ಅಗಿಯುವುದು ನಿಧಾನವಾಯಿತು. ಆಮೇಲೆ ನಿಂತೇಹೋಯಿತು.

ಮೊದಲು ಬಾಯಿಬಿಟ್ಟವರು ಶ್ರೀನಿವಾಸಯ್ಯ. "ಇದು... ಕಾಶಿಗೆ ಹೋದಾಗ ದೆಹಲಿಯಲ್ಲಿ ನಾನು..." ಎಂದವರು ಗಕ್ಕನೆ ನಿಲ್ಲಿಸಿದರು.

"ದೆಹಲಿಯಲ್ಲಿ ಏನು ಸಾರ್?" ಎಂದೆ ನಾನು.

"ದೆಹಲಿಯಲ್ಲಿ ಚಳಿ ಜಾಸ್ತಿ" ಎಂದರು ಶ್ರೀನಿವಾಸಯ್ಯ.

ವರದರಾಜನ ಮುಖ ಅರಳಿತ್ತು. "ಭಾವಾ, ಥೇಟ್ ನಮ್ಮ ರೆಸಿಡೆನ್ಸಿ ರೋಡಿನ..." ಎಂದ. ಅಕ್ಕ ತಿರುಗಿ ನೋಡಿದರು.

"ರೆಸಿಡೆನ್ಸಿ ರೋಡಲ್ಲಿ ಏನೋ ವರದೂ?"

"ಟ್ರಾಫಿಕ್ಕು ಅಕ್ಕಾ, ವಿಪರೀತ ಟ್ರಾಫಿಕ್ಕು."

ಬೀಗಿತ್ತಿ ಇನ್ನೊಂದು ತುಣುಕನ್ನು ನಾಲಗೆಯ ಮೇಲೆ ಹೊರಳಿಸುತ್ತಿದ್ದರು. "ನಮ್ಮ ಯಜಮಾನರ ಆಫೀಸ್ ಪಾರ್ಟೀಲಿ ಒಂದ್ಸಲ..." ಎಂದು ಶುರುಮಾಡಿ, ಸುತ್ತ ಮುಖಗಳನ್ನು ನೋಡಿ, "ನಾನು ಬರೀ ಮೊಸರನ್ನ ತಿಂದು ಬಂದಿದ್ದೆ" ಎಂದು ಮುಗಿಸಿದರು.

ನನಗೂ ಅದೇನೆಂದು ಗೊತ್ತಾಗಿತ್ತು. ಹೇಗೆ ಗೊತ್ತಾಯಿತು ಎಂದು ದಯವಿಟ್ಟು ಕೇಳಬೇಡಿ, ನನ್ನ ಹೆಂಡತಿಯೂ ಇದನ್ನು ಓದುತ್ತಾಳೆ.

ಇದು ಅಣಬೆ ಎನ್ನಬೇಕಾದರೆ ಅಣಬೆಯ ರುಚಿ ತನಗೆ ಗೊತ್ತು ಎಂದು ಮೊದಲು ಒಪ್ಪಿಕೊಳ್ಳಬೇಕು. ಅಷ್ಟು ಗಂಡೆದೆ ಅಲ್ಲಿ ಯಾರಿಗೂ ಇರಲಿಲ್ಲ. ಜಪಾನಿನ ವಿಜ್ಞಾನಿಗಳು ಅವತ್ತು ಅಲ್ಲಿ ಇದ್ದಿದ್ದರೆ ಇಲಿಗಳನ್ನು ಬಿಟ್ಟು ನಮ್ಮ ಬೀದಿಯಲ್ಲೇ ಬಾಡಿಗೆ ಮನೆ ಹಿಡಿಯುತ್ತಿದ್ದರು. ಒಂದೇ ಚಮಚಕ್ಕೆ ಎಲ್ಲರಿಗೂ ಎಷ್ಟೋ ವರ್ಷದ ಹಿಂದಿನದೆಲ್ಲ ಜ್ಞಾಪಕಕ್ಕೆ ಬಂದಿತ್ತು. ಬಾರದೆ ಇದ್ದದ್ದು ದೊರೆಸ್ವಾಮಿಗಳಿಗೆ ಮಾತ್ರ.

"ದಿವ್ಯವಾಗಿದೆ" ಎಂದು ಶ್ರೀನಿವಾಸಯ್ಯ ಚಮಚವನ್ನು ಮತ್ತೆ ಪಾತ್ರೆಗೆ ಇಳಿಸಿದರು. "ಇಂಥಾದ್ದನ್ನ ನಾನು ಹಿಂದೆಂದೂ ತಿಂದಿಲ್ಲ."

"ನಾನೂ" ಎಂದರು ಬೀಗಿತ್ತಿ, ಕೈ ಮುಂದೆ ಚಾಚಿ.

ಆಂಡಾಳಮ್ಮನ ಅಂಗೈಗೂ ಒಂದು ಚಮಚ ಬಿದ್ದಿತ್ತು. ಅವರು ತಿಂದು, ಗಂಡನ ಮುಖವನ್ನೇ ಒಂದು ಕ್ಷಣ ನೋಡಿ, "ಉಪ್ಪು ಒಂದು ಕಲ್ಲು ಕಮ್ಮಿ" ಎಂದರು. ಆಮೇಲೆ, "ವ್ರತ ಆಯ್ತಲ್ಲ, ಈಗ ಬೀಗದ ಕೈ ಕೊಡಿ" ಎಂದರು.

ದೊರೆಸ್ವಾಮಿಗಳು ಸ್ಟೌವಿನ ಕಡೆ ತಿರುಗಿದರು. "ಬೀಗಿತ್ತಿಯವರು ಇಷ್ಟು ದೂರ ಬಂದಿದಾರೆ, ಒಂದು ಲೋಟ ಪಾಯಸನಾದರೂ ಮಾಡ್ತೀನಿ" ಎಂದು ಸ್ಟೌ ಹಚ್ಚಲು ಕೂತರು. ಬತ್ತಿ ಹೊಗೆಯಾಡಿ ಆರಿಹೋಯಿತು. ಮತ್ತೆ ಹಚ್ಚಿದರು. ಮತ್ತೆ ಆರಿತು.

"ಎಣ್ಣೆ ಮುಗಿದಿರ್ಬೇಕು ಭಾವ, ಕೊಡಿ ಇಲ್ಲಿ" ಎಂದು ವರದರಾಜ ಸ್ಟೌವನ್ನು ಎತ್ತಿ ಹೊರಗೆ ತಂದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

ಒಳಗೆ ಟಣ್ಣೆಂದಿತು. ಮತ್ತೆ ಅಲ್ಲಾಡಿಸಿದ. ಮತ್ತೆ ಟಣ್ಣೆಂದಿತು.

"ಸೀಮೆಎಣ್ಣೆ ಹೀಗೆ ಸದ್ದು ಮಾಡಲ್ವಲ್ಲ?" ಎಂದ ವರದರಾಜ. ಎಣ್ಣೆ ತುಂಬುವ ಬಾಯಿಯ ಮುಚ್ಚಳ ತಿರುಗಿಸಿ, ಸ್ಟೌವನ್ನು ಬೋರಲು ಹಾಕಿ ಕುಲುಕಿದ. ನಾಲ್ಕು ಹನಿ ಎಣ್ಣೆಯ ಜೊತೆಗೆ ಲಾಕರಿನ ಬೀಗದ ಕೈ ಅಂಗಳದ ಕಲ್ಲಿನ ಮೇಲೆ ಬಿತ್ತು.

ಅಷ್ಟು ದಿನವೂ ದೊರೆಸ್ವಾಮಿಗಳು ಬೀಗದ ಕೈಯ ತಲೆಯ ಮೇಲೇ ಒಗ್ಗರಣೆ ಹಾಕುತ್ತಿದ್ದರು. ಎಲ್ಲರೂ ಅವರನ್ನು ನೋಡಿದರು. ಇನ್ನೊಬ್ಬರಾಗಿದ್ದರೆ ಅಲ್ಲೇ ಕುಸಿದು ಕೂರುತ್ತಿದ್ದರು. ದೊರೆಸ್ವಾಮಿಗಳು ಎದ್ದು ನಿಂತು, ಪಂಚೆ ಕೊಡವಿಕೊಂಡು, ಹಣೆಗೆ ಬೆರಳು ಬಡಿದರು.

"ಮತ್ತೆ ಯಾಕೆ ಅಂದ್ಕೊಂಡ್ರಿ ಈ ಸ್ವಯಂಪಾಕ? ಬೀದೀಲಿ ಕಳ್ಳರ ಕಾಟ. ದಿನಾ ಅದರ ಮುಂದೆ ಕೂತು ಕಾವಲು ಕಾಯ್ತಿದ್ದೆ!"

ಶ್ರೀನಿವಾಸಯ್ಯ ಚಪ್ಪಾಳೆ ತಟ್ಟಿದರು. ಬಾಯಿ ತುಂಬಿದ್ದರಿಂದ ಮಾತಾಡಲಾಗಲಿಲ್ಲ.

ಶುಕ್ರವಾರ ಲಕ್ಷ್ಮಿ ಕಾಸಿನ ಸರ ಹಾಕಿಕೊಂಡು ಝಗಝಗಿಸಿದಳು. ಆಂಡಾಳಮ್ಮನ ಮುಖ ಅದಕ್ಕಿಂತ ಹೆಚ್ಚು ಬೆಳಗುತ್ತಿತ್ತು. ಬೀಗದ ಕೈಯ ಚೀಲದಲ್ಲೇ ಸರವನ್ನೂ ತಂದದ್ದರಿಂದ ಮಂಟಪದ ಸುತ್ತ ಸೀಮೆಎಣ್ಣೆಯ ಘಮ ತುಸು ಇತ್ತು. ಮಂಗಳಾರತಿಯನ್ನು ಎಲ್ಲರೂ ಒಂದು ಮಾರು ದೂರದಿಂದಲೇ ಎತ್ತಿದರು. ಬೀಗಿತ್ತಿ ಸರವನ್ನು ಕಣ್ತುಂಬ ನೋಡಿ, ಹೊರಡುವಾಗ, ಬೀಗರ ವ್ರತ ಮತ್ತೆ ಯಾವಾಗ ಎಂದು ಮೆಲ್ಲಗೆ ವಿಚಾರಿಸಿದರು.

ಹಬ್ಬ ಮುಗಿದಮೇಲೆ ಒಡವೆ ಮರಳಿ ಲಾಕರಿಗೆ ಹೋಯಿತು. ಬೀಗದ ಕೈಯನ್ನು ಆಂಡಾಳಮ್ಮ ಗಂಡನ ಕೈಗೆ ಕೊಡಲಿಲ್ಲ. "ಇನ್ಮೇಲೆ ನಾನೇ ಇಡ್ತೀನಿ. ಎಲ್ಲಿ ಅಂತ ನಿಮಗೂ ಹೇಳಲ್ಲ" ಎಂದರು.

ಆರಾಧನಾಳ ಮದುವೆಗೆ ಬೀಗದ ಕೈ ಸರಾಗವಾಗಿ ಹೊರಗೆ ಬಂತು, ಮತ್ತೆ ಯಾವುದೋ ಹೊಸ ಜಾಗ ಸೇರಿತು. ಮುಂದಿನ ವರ್ಷದ ಶ್ರಾವಣ ಬಂತು. ಹಬ್ಬಕ್ಕೆ ಇನ್ನೂ ಕೆಲವು ದಿನಗಳಿರುವಾಗ ಆಂಡಾಳಮ್ಮ ಮನೆಯೆಲ್ಲ ಧೂಳು ಹೊಡೆಯುವುದನ್ನು ನಾನು ಕಂಡೆ. ಅಕ್ಕಿಡಬ್ಬಿ, ದಿಂಬು, ಫೋಟೋಗಳ ಹಿಂದೆಲ್ಲ ಹೊಡೆದರು. ಆಮೇಲೆ ವರಾಂಡದಲ್ಲಿ ಪೇಪರ್ ಓದುತ್ತಿದ್ದ ಗಂಡನ ಪಕ್ಕದಲ್ಲಿ ಬಂದು ಕೂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದರು. ನಾನು ಕತ್ತು ಚಾಚಿದೆ.

"ರೀ" ಎಂದರು. "ಆ ನಿಮ್ಮ ಸ್ವಯಂಪಾಕ ಇತ್ತಲ್ಲ... ಈ ಸಲ ಮಾಡಿದ್ರೆ ನನಗೂ ಸೇರಿಸಿ ಸ್ವಲ್ಪ ಜಾಸ್ತಿನೇ ಮಾಡಿ."